ರೂಟರ್ ಆಫ್ ಮಾಡಿಸಿ ಆನ್ ಮಾಡಿಸುವ ಮಹನೀಯರಿಗೆ

ಬೋಳಾರ, ಮಂಗಳೂರು

ನಮ್ಮ ಮನೆಗೆ ಇಂಟರ್ನೆಟ್ ಕೊಟ್ಟ ಕಂಪೆನಿಯ ಸಹಾಯವಾಣಿಯವರೇ,

ಈಗಷ್ಟೇ ಫೋನ್ ಇಟ್ಟೆ. ಮಂಗಳಾದೇವಿಗೆ ನಡೆದು ಹೋಗಿ, ಪ್ರಸಾದ ತಗೊಂಡು ಬರುವಷ್ಟು ಹೊತ್ತು ನಿಮ್ಮ ಸಂಗೀತ ಕೇಳಿದೆ. ಕೊನೆಗೆ ಸಿಕ್ಕಿದ್ದು ಇಷ್ಟು: "ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸಾರ್."

ನಾನು ಕೇಳಿದ್ದು ಎಂತ? ಅಂಗಳದಿಂದ ತೆಂಗಿನಕಾಯಿ ಮಾಯವಾಗುತ್ತಾ ಉಂಟು. ಅಲ್ಲಿನ ಕ್ಯಾಮೆರಾವನ್ನು ಮಗಳು ದುಬೈಯಿಂದ ನೋಡಬೇಕು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್. ಹೊರಗಿನಿಂದ 8080ನೇ ಪೋರ್ಟಿಗೆ ಬಂದದ್ದನ್ನು ಒಳಗೆ ದೃಶ್ಯ ಹಿಡಿದಿಡುವ ಡಿವಿಆರ್‌ಗೆ ದಾಟಿಸು ಎಂದು ರೂಟರಿಗೆ ಹೇಳುವುದು, ಅಷ್ಟೆ. ರೂಟರಿನ ಪುಟ 192.168.1.1 ತೆರೆದೆ, ಡಿವಿಆರ್‌ಗೆ ಬದಲಾಗದ ಐಪಿ ಕೊಟ್ಟೆ, ಸೇವ್ ಒತ್ತಿದೆ. ದುಬೈಯಿಂದ ಉತ್ತರ: "ಅಪ್ಪಾ, ಸುಮ್ಮನೆ ತಿರುಗ್ತಾ ಉಂಟು."

ನಿಮ್ಮವರು ಕ್ಯಾಮೆರಾದವರನ್ನು ಕೇಳಿ ಎಂದರು. ಕ್ಯಾಮೆರಾದವರು ನಿಮ್ಮನ್ನು ಕೇಳಿ ಎಂದರು. ಮಳೆಯಲ್ಲಿ ನೆನೆದು ಬಂದ ನಿಮ್ಮ ಹುಡುಗ, ಪಾಪ, ಚಹಾ ಕುಡಿದು, ಆಫ್ ಮಾಡಿ, ಆನ್ ಮಾಡಿ, ಹೋದ. ಕಾಯಿ ಕದಿಯುವವನಿಗೆ ಮಾತ್ರ ಯಾವ ಪೋರ್ಟೂ ಬೇಡ.

ಕೊನೆಗೆ ರೂಟರಿನ ಸ್ಟೇಟಸ್ ಪುಟ ನಾನೇ ನೋಡಿದೆ. ವ್ಯಾನ್ ಐಪಿ, ಅಂದರೆ ರೂಟರಿನ ಹೊರಬದಿಯ ವಿಳಾಸ, 100.72 ಎಂದು ಶುರು. ಮಾರಾಯ್ರೇ, ಅದು ಸಾರ್ವಜನಿಕ ವಿಳಾಸವೇ ಅಲ್ಲ! 100.64ರಿಂದ 100.127ರವರೆಗಿನದ್ದು ನಿಮ್ಮಂಥವರ ಒಳಬಳಕೆಗೆಂದೇ 2012ರಲ್ಲಿ ತೆಗೆದಿಟ್ಟದ್ದು. ಹಳೆಯ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ನಮ್ಮ ಏಷ್ಯಾ-ಪೆಸಿಫಿಕ್ ಪಾಲಿನ ದಾಸ್ತಾನು 2011ರ ಏಪ್ರಿಲಿನಲ್ಲೇ ತಳ ಕಂಡಿತು. ಹಾಗಾಗಿ ಸಿಜಿನ್ಯಾಟ್ ಎಂಬ ಏರ್ಪಾಡು ಮಾಡಿ ಇಡೀ ಓಣಿಯನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದೀರಿ. ವಠಾರದ ಗೇಟಿಗೆ ಬೀಗ ಜಡಿದು ಕೀಲಿಕೈ ನೀವಿಟ್ಟುಕೊಂಡ ಮೇಲೆ ನಾನು ನನ್ನ ಬಾಗಿಲು ತೆರೆದರೆಷ್ಟು, ಬಿಟ್ಟರೆಷ್ಟು?

ವಿಳಾಸಕ್ಕೆ ಬರ, ಒಪ್ಪಿದೆ. ಆದರೆ ನಿಮಗೆ ಇದು ಮೊದಲೇ ಗೊತ್ತಿತ್ತಲ್ಲ? "ನಿಮ್ಮ ಪ್ಲಾನಿನಲ್ಲಿ ಇದು ಆಗುವುದಿಲ್ಲ, ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು" ಎಂದು ಒಂದು ಮಾತು ಹೇಳಲು ಏನು ದಾಡಿ? ಆಗದ ಕೆಲಸವೆಂದು ಗೊತ್ತಿದ್ದೂ ಜನರಿಂದ ಆಫ್-ಆನ್ ಮಾಡಿಸುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ವಿಳಾಸಕ್ಕೆ ಬರವಿಲ್ಲದ ಹೊಸ ಐಪಿವಿ6 ಆದರೂ ಕೊಡಿ ಎಂದರೆ, "ಅದು ಯಾವ ಪ್ಲಾನ್ ಸಾರ್?"

ಇನ್ನು ಬಿಲ್ಲಿನ ವಿಷಯ. ಓಣಿಗೆಲ್ಲ ಒಂದೇ ವಿಳಾಸವಾದ ಮೇಲೆ ಬಿಲ್ಲೂ ಒಂದೇ ಸಾಕು. ಯಾರು ಕಟ್ಟಬೇಕೆಂದು ಓಣಿಯವರೆಲ್ಲ ಕೂತು ಮಾತಾಡುತ್ತೇವೆ. ಅವಸರ ಬೇಡ, ಮಳೆಗಾಲ ಮುಗಿಯಲಿ.

ಇಂತು,
ಬೋಳಾರದ ಒಬ್ಬ ಗ್ರಾಹಕ