ಹೀರುವುದೋ, ಊದುವುದೋ

ಬುಕ್ಕಾಪಟ್ಟಣದ ನಮ್ಮ ಮನೆಯಲ್ಲಿ ಕಾರ್ಪೆಟ್ ಎಂಬುದೇ ಇಲ್ಲ. ಇರುವುದು ರೆಡ್ ಆಕ್ಸೈಡ್ ನೆಲ, ಚಾಪೆ, ಅಜ್ಜನ ಕಾಲದ ಕರಿ ಕಂಬಳಿ. ಈಚಲು ಪರಕೆ ಧಾರಾಳವಾಗಿ ಸಾಕು. ಆದರೂ ರೀಕಂಡೀಷನ್ ಮಾಡಿದ ಹಳೇ ವ್ಯಾಕ್ಯೂಮ್ ಕ್ಲೀನರೊಂದನ್ನು ಬೆಂಗಳೂರಿನಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. "ಔಷಧಿ ಹೊಡೆಯೋ ಟ್ಯಾಂಕಾ?" ಎಂದರು ಪಕ್ಕದವರು. ನಾನು ಇತಿಹಾಸ ಶುರುಮಾಡಿದೆ. ಅವರು ಸೀಟು ಬದಲಿಸಿದರು.

ಹೆಂಡತಿಗೆ ಆ ಅನುಕೂಲ ಇರಲಿಲ್ಲ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ದೂಳೆಬ್ಬಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಿದರೇನು ಎಂದು ಯೋಚಿಸಿದ. ಹೋಟೆಲಿನ ಮೆತ್ತನೆ ಸೀಟಿಗೆ ಬಾಯಿಟ್ಟು ಹೀರಿ, ಉಸಿರುಗಟ್ಟಿಸಿಕೊಂಡು, 1901ರಲ್ಲಿ ಪೇಟೆಂಟ್ ಪಡೆದ.

"ಹೋಟ್ಲಿನೋರು ಸುಮ್ನೆ ಬಿಟ್ರಾ?" ಎಂದಳು.

ಅವನ ಯಂತ್ರವನ್ನು ಎಳೆಯಲು ಕುದುರೆ ಬೇಕಿತ್ತು. ಅದು ಬೀದಿಯಲ್ಲೇ ನಿಂತು ಕಿಟಕಿಯೊಳಗೆ ಕೊಳವೆ ಚಾಚುತ್ತಿತ್ತು. 1907ರಲ್ಲಿ ಅಮೆರಿಕದ ಓಹಿಯೋದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ಅಂಗಡಿ ಗುಡಿಸಿ ಗುಡಿಸಿ ಉಬ್ಬಸ ಜಾಸ್ತಿಯಾದವನು, ಫ್ಯಾನಿನ ಮೋಟಾರಿಗೆ ಪರಕೆ ಹಿಡಿಯನ್ನೂ ದಿಂಬಿನ ಕವರನ್ನೂ ಸಿಕ್ಕಿಸಿದ. ಆ ಪೇಟೆಂಟ್ ಕೊಂಡ ಹೂವರ್ ಕಂಪನಿಯೇ 1930ರ ದಶಕದಲ್ಲಿ, ಜನರ ಕೈಯಲ್ಲಿ ಕಾಸಿಲ್ಲದಾಗ, ಹಳೇ ಯಂತ್ರಗಳನ್ನು ವಾಪಸ್ ಪಡೆದು, ಕಾರ್ಖಾನೆಯಲ್ಲೇ ಬಿಚ್ಚಿ ರಿಪೇರಿ ಮಾಡಿ ಅಗ್ಗಕ್ಕೆ ಮಾರಿತು. ನನ್ನದು ಅಷ್ಟು ದೊಡ್ಡ ಮನೆತನದ್ದಲ್ಲ. ಅದನ್ನು ರೀಕಂಡೀಷನ್ ಮಾಡಿದವನು ಅದೇ ಸ್ಕ್ರೂಡ್ರೈವರಿನಲ್ಲಿ ಮಿಕ್ಸಿಯನ್ನೂ ಮಾಡುತ್ತಿದ್ದ.

ಸ್ವಿಚ್ ಹಾಕಿದೆ. ಸದ್ದಿಗೆ ಎದುರುಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಕಾರ್ಪೆಟ್ಟಿನ ಬದಲಿಗೆ ಕಂಬಳಿ ಹಾಸಿ ಎಳೆದೆ. ಉಣ್ಣೆ ಒಳಗೆ ಹೋಯಿತು, ದೂಳು ಹೊರಗೇ ಉಳಿಯಿತು. ಚೀಲ ಹರಿಯಿತು. ಆ ಮಾಡೆಲ್ಲಿನ ಚೀಲ ಶಿರಾದಲ್ಲೂ ಇಲ್ಲ, ತುಮಕೂರಿನಲ್ಲೂ ಇಲ್ಲ. ಸ್ಪ್ಯಾಂಗ್ಲರನನ್ನು ನೆನೆದು ದಿಂಬಿನ ಕವರು ಕೇಳಿದೆ.

"ನಿಮ್ ದಿಂಬಿಂದೇ ತಗೊಳ್ರಿ" ಎಂದಳು.

ಅಮ್ಮ ಮಾತ್ರ ಯಂತ್ರದ ಹಿಂಬದಿಗೆ ಅಂಗೈ ಹಿಡಿದು ನೋಡಿದಳು. "ಲೇ, ಹಿಂದ್ಗಡೆ ಗಾಳಿ ಬಿಡ್ತೈತಲ್ಲೋ! ಕೊಳವೆ ಇಲ್ಲಿಗೆ ಸಿಗಿಸು."

ಅಂಗಳದಲ್ಲಿ ಸುಲಿದ ಕಡ್ಲೆಕಾಯಿ ಬೀಜ, ಹೊಟ್ಟಿನ ಸಮೇತ ಬಿದ್ದಿತ್ತು. ತೂರಲು ಗಾಳಿಯಿರಲಿಲ್ಲ. ಅಮ್ಮ ಮೊರದಿಂದ ಸುರಿದಳು, ನಾನು ಕೊಳವೆ ಹಿಡಿದೆ. ಹೊಟ್ಟು ಹಾರಿತು, ಬೀಜ ಕಾಲಬುಡಕ್ಕೆ ಬಿತ್ತು. ಬೂತ್ ಉಸಿರುಗಟ್ಟಿಸಿಕೊಂಡು ತಿರುಗಿಸಿದ್ದನ್ನು ಅಮ್ಮ ಎಲೆ ಅಡಿಕೆ ಅಗಿಯುತ್ತಲೇ ಮತ್ತೆ ತಿರುಗಿಸಿಬಿಟ್ಟಿದ್ದಳು.

ಎಮ್ಮೆ ಹಿಡಿದು ತಂದ ಎದುರುಮನೆಯವರು ಜಗಳಕ್ಕೆಂದು ಬಂದವರು, ನಿಂತು ನೋಡಿದರು. ಸಂಜೆ ರಾಗಿ ಮೂಟೆ ಇಳಿಸಿ, "ಗಂಟೆಗೆ ಎಷ್ಟು ಬಾಡಿಗೆ?" ಎಂದರು.

ರೇಟು ಹೇಳಿದ್ದು ನನ್ನ ಹೆಂಡತಿ.