ಅರ್ಧ ಎಲ್ವಿಸ್, ಪೂರ್ತಿ ಸಂಭಾವನೆ

1969ರಲ್ಲಿ ಲಾಸ್ ವೇಗಾಸ್‌ನ ವೇದಿಕೆಯ ಮೇಲೆ ಎಲ್ವಿಸ್ ಪ್ರೀಸ್ಲಿ ಹಾಡುಗಳ ನಡುವೆ ತನ್ನ ಹಳೆಯ ಟಿವಿ ಪುರಾಣ ಬಿಚ್ಚುತ್ತಿದ್ದ.

ಆ ಪುರಾಣದಲ್ಲೊಂದು ನಾಯಿ. 1956ರ ಜೂನ್‌ನಲ್ಲಿ ಮಿಲ್ಟನ್ ಬರ್ಲ್ ಶೋನಲ್ಲಿ ಅವನು ಸೊಂಟ ಕುಣಿಸಿದ್ದಕ್ಕೆ ಪತ್ರಿಕೆಗಳು ಕೆಂಡ ಕಾರಿದ್ದವು. ಹಾಗಾಗಿ ಜುಲೈ 1ರಂದು ಸ್ಟೀವ್ ಅಲೆನ್ ತನ್ನ ಟಿವಿ ಶೋನಲ್ಲಿ ಅವನಿಗೆ ಮದುಮಗನಂತೆ ಕೋಟು ತೊಡಿಸಿ, 'ಹೌಂಡ್ ಡಾಗ್' ಹಾಡಲು ಎದುರಿಗೆ ಜೋಲುಕಿವಿಯ ಬ್ಯಾಸೆಟ್ ಹೌಂಡನ್ನೇ ಕೂರಿಸಿದ. ನಾಯಿಗೂ ಟೋಪಿ! ಗಾಯಕನಿಗೆ ಕುಣಿಯುವಂತಿಲ್ಲ, ಶ್ರೋತೃವಿಗೆ ಸಂಗೀತ ಬೇಕಿಲ್ಲ.

ಮುಂದೆ ಎಡ್ ಸುಲಿವಾನ್ ತನ್ನ ಟಿವಿ ಶೋನ ಮೂರು ಕಾರ್ಯಕ್ರಮಗಳಿಗೆ 50,000 ಡಾಲರ್ ಕೊಟ್ಟ. ಮೂರನೆಯದರಲ್ಲಿ, 1957ರ ಜನವರಿ 6ರಂದು, ಕ್ಯಾಮೆರಾ ಸೊಂಟದಿಂದ ಕೆಳಗಿಳಿಯಲೇ ಇಲ್ಲ.

ಸ್ಟುಡಿಯೋದ ಹುಡುಗಿಯರು ಉಳಿದರ್ಧ ನೋಡಿ ಕಿರುಚುತ್ತಿದ್ದರೆ, ಮನೆಯಲ್ಲಿ ಕೂತವರು ಆ ಕಿರುಚಾಟದ ಏರಿಳಿತದಿಂದಲೇ ಕಾಲುಗಳ ಚಲನವಲನ ಲೆಕ್ಕಹಾಕಬೇಕಿತ್ತು.