ಕಾಮಾ ಹಾಕಿದ ತಪ್ಪಿಗೆ

ತಮ್ಮನ ಮಗಳಿಗೆ ಅಮೆರಿಕದ ಕಾಲೇಜು ಸೇರುವ ಹಂಬಲ. ಅದಕ್ಕೆ ಎಸ್‌ಎಟಿ ಅನ್ನುವ ಪರೀಕ್ಷೆ ಬರೆಯಬೇಕಂತೆ. ಒಂದು ಭಾನುವಾರ ಲ್ಯಾಪ್‌ಟಾಪ್ ಸಮೇತ ಬಂದವಳು, "ದೊಡ್ಡಪ್ಪ, ಮೂವತ್ತೆರಡು ವರ್ಷ ಆಫೀಸಲ್ಲಿ ಇಂಗ್ಲಿಷ್ ಕಾಗದ ಬರೆದವರಲ್ವಾ ನೀವು, ಸ್ವಲ್ಪ ಗ್ರಾಮರ್ ಹೇಳಿಕೊಡಿ" ಅಂದಳು. ಅಡುಗೆಮನೆಯಿಂದ ನನ್ನಾಕೆ ಕೆಮ್ಮಿದ್ದು ಕೇಳಿಸಿತು. ನಾನು ಕೇಳಿಸದವನ ಹಾಗೆ ಕನ್ನಡಕ ಒರೆಸಿಕೊಂಡೆ.

ನಮ್ಮ ಕಾಲದ ಗ್ರಾಮರ್ ಅಂದರೆ ರೆನ್ ಅಂಡ್ ಮಾರ್ಟಿನ್. ಅಣ್ಣನಿಂದ ನನಗೆ, ನನ್ನಿಂದ ತಮ್ಮನಿಗೆ ಇಳಿದು ಬಂದ ಪುಸ್ತಕ. ನಮ್ಮ ಮನೆಯ ಆಸ್ತಿಯಲ್ಲಿ ಜಗಳವಿಲ್ಲದೆ ಕೈ ಬದಲಿಸಿದ್ದು ಅದೊಂದೇ. ಆ ರೆನ್ ಸಾಹೇಬರು ಬಾಂಬೆ ಪ್ರೆಸಿಡೆನ್ಸಿಯ ಶಿಕ್ಷಣ ಇಲಾಖೆಯಲ್ಲಿದ್ದವರು, 1924ರಲ್ಲಿ 'ಬೋ ಜೆಸ್ಟ್' ಅಂತ ಮರುಭೂಮಿಯ ಸಿಪಾಯಿಗಳ ಸಾಹಸದ ಕಾದಂಬರಿ ಬರೆದು ಹೆಸರಾದವರು ಅನ್ನುವುದು ನನಗೆ ತಿಳಿದದ್ದು ರಿಟೈರ್ ಆದ ಮೇಲೆ. ಮೊದಲೇ ಗೊತ್ತಿದ್ದರೆ ಆ್ಯಕ್ಟಿವ್ ವಾಯ್ಸಿನಿಂದ ಪ್ಯಾಸಿವ್ ವಾಯ್ಸಿಗೆ ದಾಟುವಾಗ ಒಂದಿಷ್ಟು ಧೈರ್ಯ ಇರುತ್ತಿತ್ತು.

ಈಗಿನದು ಹಾಗಲ್ಲ. ಕಾಗದವಿಲ್ಲ, ಪೆನ್ನಿಲ್ಲ, ಎಲ್ಲ ಪರದೆಯ ಮೇಲೆ. ಓದು-ಬರಹದ ಭಾಗಕ್ಕೆ 64 ನಿಮಿಷ, 54 ಪ್ರಶ್ನೆ. ಅದರಲ್ಲಿ ಕಾಲು ಭಾಗದಷ್ಟು ಬರೀ ವ್ಯಾಕರಣ, ವಿರಾಮಚಿಹ್ನೆ. ಮೊದಲ ಪ್ರಶ್ನೆ ತೋರಿಸಿದಳು. ಸಂಶೋಧಕರು ರಾತ್ರಿಯಿಡೀ ಕಾದರು, ಧೂಮಕೇತು ಕಾಣಲಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ. ಕಾದರು ಆದಮೇಲೆ ಖಾಲಿ ಜಾಗ. ಅಲ್ಲಿಗೆ ಏನು ಬರಬೇಕು? ಕಾಮಾ ಅಂದೆ. ಪರದೆ ಕೆಂಪಾಯಿತು.

"ಎರಡು ಪೂರ್ತಿ ವಾಕ್ಯಗಳನ್ನ ಬರೀ ಕಾಮಾದಿಂದ ಜೋಡಿಸೋ ಹಾಗಿಲ್ಲ ದೊಡ್ಡಪ್ಪ. ಕಾಮಾ ಬೇಕು ಅಂದ್ರೆ ಜೊತೆಗೆ ಫ್ಯಾನ್‌ಬಾಯ್ಸ್ ಇರಬೇಕು."

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇಂಥ ಮಾತು ಅರ್ಥವಾಗುವುದು ಒಂದೇ ರೀತಿ. ಯಾವ ನಟನ ಅಭಿಮಾನಿ ಸಂಘ ಅಂತ ಕೇಳಿದೆ. ಅದು ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ ಅನ್ನುವ ಏಳು ಪದಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರಂತೆ. ಹಾಗಾದರೆ ಕಾಮಾ ಹಾಕಿ 'ಹೌಎವರ್' ಅಂತ ಬರೆದರಾಯಿತಲ್ಲ ಅಂದೆ. ಮತ್ತೆ ಕೆಂಪು. ಹೌಎವರ್ ಆ ಏಳು ಜನರಲ್ಲಿ ಸೇರಿಲ್ಲ. ಇಲ್ಲಿ ಅದರ ಹಿಂದೆ ಸೆಮಿಕೋಲನ್ ಇರಬೇಕು. ನನಗೆ ಎದೆ ಧಸಕ್ಕೆಂದಿತು. ಮೂವತ್ತೆರಡು ವರ್ಷ ಇಲಾಖೆಯ ಪ್ರತಿ ಕಾಗದದಲ್ಲೂ ಹೌಎವರ್ ಅನ್ನು ಎರಡು ಕಾಮಾಗಳ ನಡುವೆ, ಇಬ್ಬರು ಪೇದೆಗಳ ಮಧ್ಯೆ ಆರೋಪಿಯನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದವನು ನಾನು. ಆ ಕಡತಗಳೆಲ್ಲ ಈಗಲೂ ರೆಕಾರ್ಡ್ ರೂಮಿನಲ್ಲಿವೆ. ಇಲಿ ತಿಂದಿದ್ದರೆ ಪುಣ್ಯ.

ತಪ್ಪು ನನ್ನದಲ್ಲ, ಕನ್ನಡದ್ದು ಅಂತ ಆಮೇಲೆ ಸಮಾಧಾನ ಮಾಡಿಕೊಂಡೆ. ಮಳೆ ಬಂತು, ಕೊಡೆ ಇರಲಿಲ್ಲ, ನೆನೆದೆ. ಮೂರು ಪೂರ್ತಿ ವಾಕ್ಯ, ಎರಡು ಕಾಮಾ. ಇದರಲ್ಲಿ ಯಾವ ಮೇಷ್ಟ್ರು ತಪ್ಪು ಹುಡುಕಿಯಾರು? ನಮ್ಮಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬಂದು ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೋಗುತ್ತದೆ. ವಾಕ್ಯ ಮುಗಿಯಿತು ಅಂತ ಸಾರಲು ಬೇರೆ ಚುಕ್ಕೆ ಬೇಕಿಲ್ಲ. ಹಳೆಯ ಶಾಸನ ಕೆತ್ತಿದವರು ಪದಕ್ಕೂ ಪದಕ್ಕೂ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಇನ್ನು ಕಾಮಾ ಎಲ್ಲಿಂದ ಬರಬೇಕು? ಕಾಮಾ ನಮಗೆ ಉಸಿರು ತೆಗೆದುಕೊಳ್ಳುವ ಜಾಗ; ಇಂಗ್ಲಿಷಿನವರಿಗೆ ಕಾಯಿದೆ. (ಇಲ್ಲೊಂದು ಅರ್ಧವಿರಾಮ ಹಾಕಿದ್ದೇನೆ, ಗಮನಿಸಬೇಕು. ಹುಡುಗಿಯ ಪಾಠದ ಫಲ.)

ಅವರಿಗೆ ಅದು ಎಂಥ ಕಾಯಿದೆ ಅಂದರೆ, ಕಾಮಾಕ್ಕಾಗಿ ಕೋರ್ಟಿಗೇ ಹೋಗಿದ್ದಾರೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಅನ್ನುವ ಡೈರಿ. ಹಾಲಿನ ಲಾರಿ ಓಡಿಸುವವರು ಓವರ್‌ಟೈಮ್ ಕೇಳಿದರು. ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿಯೊಂದು ಕಾನೂನಿನಲ್ಲಿತ್ತು. ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು ಅಂತ ಸಾಗಿ, ಕೊನೆಯಲ್ಲಿ ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್. ಆ 'ಆರ್' ಹಿಂದೆ ಕಾಮಾ ಇಲ್ಲ. ಹಾಗಾಗಿ ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವವರಿಗೆ ಮಾತ್ರ ಇದು ಅನ್ವಯ, ನಾವು ಪ್ಯಾಕ್ ಮಾಡುವುದಿಲ್ಲ, ಹಂಚುತ್ತೇವೆ ಅಂತ ಡ್ರೈವರುಗಳು ಪಟ್ಟು ಹಿಡಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿ. ಹೆದರಿದ ಶಾಸನಸಭೆ ಆ ಪಟ್ಟಿಯ ಕಾಮಾಗಳನ್ನು ಕಿತ್ತು ಸಾಲಾಗಿ ಸೆಮಿಕೋಲನ್ ನೆಟ್ಟಿತು. ತಮಾಷೆಯೆಂದರೆ, ಅಷ್ಟು ದುಡ್ಡು ಬಾಳಿದ ಆ ಜಾತಿಯ ಕಾಮಾದ ಬಗ್ಗೆ ಎಸ್‌ಎಟಿಯಲ್ಲಿ ಪ್ರಶ್ನೆಯೇ ಬರುವುದಿಲ್ಲವಂತೆ.

ಸೆಮಿಕೋಲನ್ನಿಗೂ ಒಂದು ಹುಟ್ಟೂರಿದೆ, ವೆನಿಸ್. 1490ರ ದಶಕದಲ್ಲಿ ಆಲ್ಡಸ್ ಮನೂಷಿಯಸ್ ಅನ್ನುವ ಮುದ್ರಕ, ಎಟ್ನಾ ಜ್ವಾಲಾಮುಖಿ ಹತ್ತಿ ಬಂದವನೊಬ್ಬನ ಪುಸ್ತಕ ಅಚ್ಚು ಮಾಡುವಾಗ ಅದನ್ನು ಬಳಕೆಗೆ ತಂದ. ಬೆಟ್ಟ ಹತ್ತುವಾಗ ಕಾಮಾದಷ್ಟು ಹೊತ್ತು ನಿಂತರೆ ಸಾಲದು, ಪೂರ್ಣವಿರಾಮದಷ್ಟು ಕೂತರೆ ಏಳಲಾಗದು. ಇದು ನನ್ನ ಊಹೆ, ನಾನು ಒಮ್ಮೆ ಶಿವಗಂಗೆ ಹತ್ತಿದ್ದೇನೆ.

ಮೇಲೆ ಕೊಕ್ಕೆ ಹಾಕುವ ಅಪಾಸ್ಟ್ರಫಿಯ ಸುದ್ದಿಗೆ ಹೋಗುವುದಿಲ್ಲ. ನಮ್ಮ ಬೀದಿಯ ದರ್ಶಿನಿಯ ಬೋರ್ಡಿನಲ್ಲಿ ಇಡ್ಲಿಗೂ ಅದಿದೆ, ವಡೆಗೂ ಅದಿದೆ.

ಅಷ್ಟರಲ್ಲಿ ಹುಡುಗಿ, "ಕಾಮಾ ಎಷ್ಟು ಮುಖ್ಯ ನೋಡಿ. ಲೆಟ್ಸ್ ಈಟ್, ಗ್ರ್ಯಾಂಡ್‌ಮಾ ಅಂದ್ರೆ ಅಜ್ಜೀ ಊಟ ಮಾಡೋಣ ಬಾ ಅಂತ. ಕಾಮಾ ತೆಗೆದ್ರೆ ಅಜ್ಜೀನೇ ತಿನ್ನೋಣ ಅಂತ" ಅಂದಳು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ತಲೆ ಎತ್ತಿದಳು.

"ನನ್ನನ್ಯಾಕೆ ತಿಂತೀರೇ?"

ನೋಡಿ, 'ನನ್ನನ್ನು'. ದ್ವಿತೀಯಾ ವಿಭಕ್ತಿ. ಕನ್ನಡದಲ್ಲಿ ಅಜ್ಜಿಯನ್ನು ತಿನ್ನಬೇಕಾದರೆ ಬಾಯಿಬಿಟ್ಟು 'ಅನ್ನು' ಅಂತ ಹೇಳಿಯೇ ತಿನ್ನಬೇಕು. ಬಾಲವಿರುವ ಒಂದು ಚುಕ್ಕೆ ಬಿದ್ದುಹೋದ ಮಾತ್ರಕ್ಕೆ ನಮ್ಮಲ್ಲಿ ಯಾವ ಅಜ್ಜಿಗೂ ಅಪಾಯವಿಲ್ಲ. ಇದನ್ನು ಹೆಮ್ಮೆಯಿಂದ ವಿವರಿಸಿದೆ. ಪರೀಕ್ಷೆಗೆ ಉಪಯೋಗವಿಲ್ಲ ಅಂತ ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು.

ಪರೀಕ್ಷೆ ಅಂದದ್ದು ಅಮ್ಮನ ಕಿವಿಗೆ ಬಿತ್ತು. ತಾನು ಲೋವರ್ ಸೆಕೆಂಡರಿ ಕಟ್ಟಿದ ಕಥೆ ತೆಗೆದಳು. ಮೊಮ್ಮಗಳು ಪೆನ್ಸಿಲ್ ಹಿಡಿದು, "ಹೇಳಜ್ಜಿ, ಎಲ್ಲೆಲ್ಲಿ ಸೆಮಿಕೋಲನ್ ಬರುತ್ತೆ ನೋಡ್ತೀನಿ" ಅಂತ ಕೂತಳು.

"ಅವತ್ತು ನಮ್ಮಪ್ಪನ ಜೊತೆ ಇನ್ನೂ ಕತ್ತಲಿರುವಾಗಲೇ ಎದ್ದು ತಲೆಗೆ ಎರಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿ ಮೊಸರನ್ನದ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿ ಹೊಳೆ ದಾಟಿ ಸ್ಕೂಲ್ ಬಾಗಿಲಿಗೆ ಹೋಗಿ ನೋಡಿಕೊಂಡರೆ ಪೆನ್ನು ಮರೆತು ಬಂದಿರೋದು ಗೊತ್ತಾಗಿ ಗೊಳೋ ಅಂತ ಅತ್ತು ಅಲ್ಲಿದ್ದ ಮೇಷ್ಟ್ರ ಹತ್ರ ಹೋಗಿ ಕೈಮುಗಿದು..."

ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಅಮ್ಮ ಬತ್ತಿ ತಟ್ಟೆ ಪಕ್ಕಕ್ಕಿಟ್ಟು ಒಳಗೆ ಹೋದಳು. ಹುಡುಗಿಯ ಪೆನ್ಸಿಲ್ ಗಾಳಿಯಲ್ಲೇ ನಿಂತಿತ್ತು. ಕ್ರಿಯಾಪದ ಇನ್ನೂ ಬಂದಿರಲಿಲ್ಲ.